ಅವ್ವನ ಬೀಪಿ ಗುಳಿಗೆಗೂ ಮೈಮೇಲಿನ ಕೆಂಪು ಕಲೆಗೂ ಸಂಬಂಧ ಇದೆಯಾ? ಲೂಪಸ್ ಇರಬಹುದು ಅಂತಿದ್ದಾರೆ

ಮಾಳಮಡ್ಡಿ ಮಗಳು
ಎಲ್ಲರಿಗೂ ನಮಸ್ಕಾರ. ಅವ್ವನಿಗೆ 58 ವರ್ಷ. ಬೀಪಿ ಇದೆ, ಶುಗರ್ ಇಲ್ಲ. ಬಹಳ ವರ್ಷದಿಂದ ಗುಳಿಗೆ ತಗೊಳ್ಳುತ್ತಿದ್ದಾಳೆ. ಕಳೆದ ವರ್ಷ ಡಾಕ್ಟರು ಗುಳಿಗೆ ಬದಲಿಸಿದರು, ಹಳೆಯದರಲ್ಲಿ ಬೀಪಿ ಹತೋಟಿಗೆ ಬರುತ್ತಿರಲಿಲ್ಲ.

ನವಲಗುಂದದ ಕಡೆ ನಮ್ಮ ಹೊಲ ಇದೆ. ಹೆಸರು ಬಿಡಿಸುವಾಗ ಅಲ್ಲಿಗೆ ಹೋಗಿದ್ದಳು. ಬಂದ ಮೇಲೆ ಕುತ್ತಿಗೆ ಸುತ್ತ, ಬೆನ್ನಿನ ಮೇಲ್ಭಾಗ, ಮುಂಗೈ ಮೇಲೆಲ್ಲ ಕೆಂಪು ಕಲೆ ಎದ್ದವು. ಉಂಗುರದ ಆಕಾರ, ಅಂಚಿನಲ್ಲಿ ಸಣ್ಣ ಹೊಟ್ಟು. ರವಿಕೆ ಮುಚ್ಚಿದ ಕಡೆ ಏನೂ ಇಲ್ಲ. ಬಿಸಿಲಿನ ಗಂದೆ ಇರಬೇಕು ಅಂತ ಮುಲಾಮು ಹಚ್ಚಿದೆವು, ಹೋಗಲಿಲ್ಲ. ಈಗ ಬೆರಳ ಸಂದು, ಮಣಿಕಟ್ಟು ನೋವು ಶುರುವಾಗಿದೆ. ಬೆಳಿಗ್ಗೆ ರೊಟ್ಟಿ ಬಡಿಯಲು ಆಗುತ್ತಿಲ್ಲ.

ರಕ್ತ ಪರೀಕ್ಷೆಯಲ್ಲಿ ಏಎನ್ಎ (ನಮ್ಮ ಜೀವಕೋಶದ ವಿರುದ್ಧವೇ ಏಳುವ ಆಂಟಿಬಾಡಿ) ಪಾಸಿಟಿವ್ ಬಂತು, 1:320. ಒಬ್ಬ ಡಾಕ್ಟರು ಕನೆಕ್ಟಿವ್ ಟಿಶ್ಯೂ ಡಿಸಾರ್ಡರ್, ಅಂದರೆ ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೆಯೇ ತಿರುಗಿ ಬೀಳುವ ಲೂಪಸ್ ಇರಬಹುದು ಅಂದರು. ಚರ್ಮದ ಡಾಕ್ಟರು ಮಾತ್ರ ಮೊದಲು ಕೇಳಿದ್ದೇ ಬೀಪಿಗೆ ಯಾವ ಗುಳಿಗೆ ಅಂತ. ಅದನ್ನು ಕೇಳಿದ ತಕ್ಷಣ ಅಣ್ಣ ಎಲ್ಲ ಗುಳಿಗೆ ಬಂದ್ ಮಾಡು ಅಂದುಬಿಟ್ಟ. ಅವ್ವನೂ ಒಂದಿನ ತಗೊಳ್ಳೋದು, ಒಂದಿನ ಬಿಡೋದು ಮಾಡುತ್ತಿದ್ದಾಳೆ. ನನಗೆ ಭಯವಾಗುತ್ತಿದೆ. ಬೀಪಿ ಗುಳಿಗೆಯಿಂದ ನಿಜವಾಗಿ ಹೀಗೆ ಆಗುತ್ತದೆಯಾ?

ಬ್ಯಾಡಗಿ ಬಸಣ್ಣ
ಆಗುತ್ತದೆ ತಂಗಿ. ಇಂಗ್ಲಿಷ್ ಔಷಧಿ ಒಂದು ರೋಗ ಕಡಿಮೆ ಮಾಡಿ ಇನ್ನೊಂದು ಕೊಡುತ್ತದೆ. ಗುಳಿಗೆ ಬಿಡಿಸಿ, ಬೆಳ್ಳುಳ್ಳಿ ತಿನ್ನಲು ಹೇಳು, ಉಪ್ಪು ಬಿಡು. ನಮ್ಮಪ್ಪ ಗುಳಿಗೆ ಇಲ್ಲದೆ 80 ದಾಟಿದರು.

ಉಣಕಲ್ ನಿವಾಸಿ
ಬಸಣ್ಣಾರ, ದಯವಿಟ್ಟು ಹೀಗೆ ಬರೆಯಬೇಡಿ. ನಮ್ಮ ಕಾಕಾ ಹೀಗೇ ಯಾರದೋ ಮಾತು ಕೇಳಿ ಗುಳಿಗೆ ಬಿಟ್ಟರು. ಲಕ್ವಾ ಹೊಡೆಯಿತು. ಬಲಗೈ ಇವತ್ತಿಗೂ ಏಳುವುದಿಲ್ಲ. ನಿಮ್ಮಪ್ಪನಿಗೆ ಬೀಪಿ ಇತ್ತೋ ಇಲ್ಲವೋ, ಈ ತಾಯಿಗಂತೂ ಇದೆ.

ಔಷಧಿ ಅಂಗಡಿ, ಹಳೇಹುಬ್ಬಳ್ಳಿ
ಅಕ್ಕಾರ, ಮೊದಲು ಗುಳಿಗೆಯ ಹಾಳೆ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಕಂಪನಿ ಇಟ್ಟ ಹೆಸರು ಬೇಡ, ಒಳಗಿನ ಔಷಧಿಯ ಹೆಸರು ಬರೆಯಿರಿ. ಹೆಸರಿನ ಕೊನೆಗೆ ‘ಎಚ್’ ಅಂತ ಇದೆಯಾ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಬೀಪಿ ಗುಳಿಗೆ ಬಹಳಷ್ಟು ಜೋಡಿ ಔಷಧಿ. ‘ಎಎಂ’ ಇದ್ದರೆ ಸಾಮಾನ್ಯವಾಗಿ ಆಮ್ಲೋಡಿಪಿನ್ ಸೇರಿದೆ ಅಂತ. ‘ಎಚ್’ ಅಂದರೆ ಹೈಡ್ರೋಕ್ಲೋರೋಥಯಜೈಡ್. ಅದು ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡಿ ಬೀಪಿ ಇಳಿಸುವ ಔಷಧಿ. ‘ಸಿಟಿ’ ಇದ್ದರೆ ಕ್ಲೋರ್ಥಾಲಿಡೋನ್, ಅದೂ ಹತ್ತಿರದ ಬಳಗವೇ.

ಮಾಳಮಡ್ಡಿ ಮಗಳು
ಹೌದು ಅಣ್ಣಾರ, ಎಚ್ ಇದೆ! ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಜೈಡ್ 12.5. ಕಳೆದ ವರ್ಷ ಬದಲಿಸಿದ್ದು ಇದನ್ನೇ. ಮೊದಲು ಬರೀ ಟೆಲ್ಮಿಸಾರ್ಟನ್ ಇತ್ತು.

ವಿದ್ಯಾನಗರ ವೈದ್ಯೆ
ನಾನು ಜನರಲ್ ಮೆಡಿಸಿನ್ ಓದಿದವಳು, ರೂಮಟಾಲಜಿ (ಕೀಲು, ಲೂಪಸ್‌ನಂಥ ರೋಗಗಳ ವಿಭಾಗ) ಪರಿಣತೆ ಅಲ್ಲ. ನಿಮ್ಮ ತಾಯಿಯನ್ನು ನೋಡದೆ ರೋಗ ಹೇಳುವುದು ತಪ್ಪು. ಆದರೆ ಚರ್ಮದ ಡಾಕ್ಟರು ಕೇಳಿದ ಪ್ರಶ್ನೆ ತುಂಬ ಸರಿಯಾದದ್ದು. ಯಾಕೆ ಅಂತ ಹೇಳುತ್ತೇನೆ.

ಔಷಧಿಯಿಂದ ಬರುವ ಲೂಪಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಹಳೆಯ, ಪುಸ್ತಕದಲ್ಲಿ ಓದುವ ಬಗೆ. ಹೈಡ್ರಲಜೀನ್ ಎಂಬ ಬೀಪಿ ಔಷಧಿಯಿಂದ ಹೀಗಾಗುವುದು 1950ರ ದಶಕದಲ್ಲೇ ಗೊತ್ತಾಯಿತು. ಕೀಲು ನೋವು, ಜ್ವರ, ಎದೆಯ ಪೊರೆಯ ಉರಿಯೂತ ಬರುತ್ತದೆ. ಮೂತ್ರಪಿಂಡಕ್ಕೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ದಿನಕ್ಕೆ 200 ಮಿಲಿಗ್ರಾಂ ಮೀರಿದರೆ, ಬಹಳ ಕಾಲ ತಗೊಂಡರೆ ಅಪಾಯ ಜಾಸ್ತಿ. ಕೆಲವರ ಲಿವರ್ ಆ ಔಷಧಿಯನ್ನು ನಿಧಾನವಾಗಿ ಕರಗಿಸುತ್ತದೆ, ಅಂಥವರಿಗೂ ಜಾಸ್ತಿ. ರಕ್ತದಲ್ಲಿ ಹಿಸ್ಟೋನ್ ಎಂಬ ಪ್ರೋಟೀನ್ ವಿರುದ್ಧದ ಆಂಟಿಬಾಡಿ ಸಿಗುತ್ತದೆ. ಔಷಧಿ ನಿಲ್ಲಿಸಿದರೆ ಕೆಲವು ವಾರ ಅಥವಾ ತಿಂಗಳಲ್ಲಿ ಇಳಿಯುತ್ತದೆ. ಈ ಔಷಧಿ ಈಗ ದಿನದ ಬೀಪಿಗೆ ಕಡಿಮೆ, ಗರ್ಭಿಣಿಯರಿಗೆ ಬೀಪಿ ಏಕಾಏಕಿ ಏರಿದಾಗ ಮತ್ತು ಕೆಲವು ಹೃದಯದ ರೋಗಿಗಳಿಗೆ ಕೊಡುತ್ತಾರೆ.

ಎರಡನೆಯದು ಚರ್ಮದ ಲೂಪಸ್. ಬಿಸಿಲು ಬಿದ್ದ ಜಾಗದಲ್ಲಿ ಉಂಗುರದ ಹಾಗೆ ಅಥವಾ ಹೊಟ್ಟು ಏಳುವ ಕಲೆ. ಇದಕ್ಕೆ ಹೆಸರಾದ ಔಷಧಿಗಳಲ್ಲಿ ಥಯಜೈಡ್ ಗುಂಪು ಮುಂದಿದೆ, ನಿಮ್ಮ ‘ಎಚ್’ ಆ ಗುಂಪಿನದೇ. ಡಿಲ್ಟಿಯಜೆಮ್, ನಿಫೆಡಿಪಿನ್ ಥರದ ಬೀಪಿ ಔಷಧಿಗಳಿಂದಲೂ ಹೀಗಾದ ವರದಿಗಳಿವೆ. ಔಷಧಿ ಶುರುಮಾಡಿದ ಮರುದಿನವೇ ಬರಬೇಕೆಂದಿಲ್ಲ, ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ ಕಾಣಿಸುತ್ತದೆ. ಅದಕ್ಕೇ ಜನರಿಗೂ ಡಾಕ್ಟರಿಗೂ ಸಂಬಂಧ ಹೊಳೆಯುವುದಿಲ್ಲ. ಇಲ್ಲಿ ಹಿಸ್ಟೋನ್ ಪರೀಕ್ಷೆ ಅಷ್ಟು ಉಪಯೋಗವಿಲ್ಲ, ಆಂಟಿ-ರೋ ಎಂಬ ಪರೀಕ್ಷೆ ನೋಡುತ್ತಾರೆ.

ಈಗ ನೀವು ಮಾಡಬೇಕಾದದ್ದು: ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ನಾಳೆಯೇ ಫೋನ್ ಮಾಡಿ ಇದನ್ನೆಲ್ಲ ಹೇಳಿ. ಅವರು ‘ಎಚ್’ ತೆಗೆದು ಬೇರೆಯದು ಕೊಡಬಹುದು. ಬೀಪಿ ಗುಳಿಗೆ ಇಲ್ಲದೆ ತಾಯಿಯನ್ನು ಬಿಡಬೇಡಿ. ಒಂದಿನ ಬಿಟ್ಟು ಒಂದಿನ ತಗೊಂಡರೆ ಬೀಪಿಯೂ ನಿಲ್ಲುವುದಿಲ್ಲ, ಕಲೆ ಗುಳಿಗೆಯಿಂದ ಬಂತೋ ಇಲ್ಲವೋ ಅದೂ ತಿಳಿಯುವುದಿಲ್ಲ.

ಗದಗ ಮಾಸ್ತರ್
ಡಾಕ್ಟರ್ ಮೇಡಂ ಬಹಳ ಚೆನ್ನಾಗಿ ಹೇಳಿದಿರಿ. ಒಂದು ಸಂದೇಹ. ಕನೆಕ್ಟಿವ್ ಟಿಶ್ಯೂ ಅಂದರೆ ಮೈಯೊಳಗಿನ ಗಾರೆ ಇದ್ದ ಹಾಗೆ, ಎಲುಬು, ಚರ್ಮ, ರಕ್ತನಾಳ ಎಲ್ಲವನ್ನೂ ಹಿಡಿದಿಡುವುದು ಅಂತ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಹಾಗಿದ್ದರೆ ಲೂಪಸ್ ಹೇಗೆ ಅದರ ರೋಗ ಆಗುತ್ತದೆ? ಅದು ರೋಗನಿರೋಧಕ ಶಕ್ತಿ ನಮ್ಮ ಮೇಲೆಯೇ ತಿರುಗಿ ಬೀಳುವುದು ಅಲ್ವಾ?

ವಿದ್ಯಾನಗರ ವೈದ್ಯೆ
ಸರ್, ಒಂದೇ ಹೆಸರಿನಡಿ ಎರಡು ಬೇರೆ ಬಳಗಗಳಿವೆ. ಲೂಪಸ್, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮಾ, ಕಣ್ಣು-ಬಾಯಿ ಒಣಗುವ ಶೋಗ್ರೆನ್ ಇವು ನೀವು ಹೇಳಿದ ಹಾಗೆ ರೋಗನಿರೋಧಕ ಶಕ್ತಿ ತಿರುಗಿ ಬೀಳುವ ರೋಗಗಳು. ಮಾರ್ಫನ್, ಎಹ್ಲರ್ಸ್-ಡಾನ್ಲೋಸ್ ಇವು ಹುಟ್ಟಿನಿಂದ ಬರುವ, ವಂಶವಾಹಿಯ ದೋಷದಿಂದ ಆ ಗಾರೆಯೇ ಸಡಿಲವಾಗಿರುವ ರೋಗಗಳು. ಬೀಪಿ ಔಷಧಿಯ ಜೊತೆಗಿನ ಸಂಬಂಧವೂ ಎರಡರಲ್ಲಿ ಬೇರೆ ಬೇರೆ. ಗುಳಿಗೆಯಿಂದ ಲೂಪಸ್ ಬರಬಹುದು. ಮಾರ್ಫನ್ ಯಾವ ಗುಳಿಗೆಯಿಂದಲೂ ಬರುವುದಿಲ್ಲ. ಅಲ್ಲಿ ಬೀಪಿ ಗುಳಿಗೆಯೇ ಔಷಧಿ.

ರಾಣೆಬೆನ್ನೂರು ತಾಯಿ
ಮಾರ್ಫನ್ ಹೆಸರು ನೋಡಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಅದೇ. ಓಣಿಯಲ್ಲೆಲ್ಲ ಅವನೇ ಎತ್ತರ, ಕೈಕಾಲು ಉದ್ದ, ಬೆರಳು ಉದ್ದ, ಕಣ್ಣಿಗೆ ದಪ್ಪ ಕನ್ನಡಕ. ವಾಲಿಬಾಲ್ ಆಡಿಸಿ ಅಂತ ಎಲ್ಲರೂ ಹೇಳುತ್ತಿದ್ದರು. ಕಣ್ಣಿನ ಡಾಕ್ಟರು ಕಣ್ಣೊಳಗಿನ ಮಸೂರ ಜಾರಿದೆ ಅಂತ ಹೇಳಿ ಹೃದಯದ ಎಕೋ ಮಾಡಿಸಲು ಕಳಿಸಿದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಗಲವಾಗಿದೆ ಅಂತ ಆಗ ತಿಳಿಯಿತು.

ಅವನಿಗೆ ಬೀಪಿ ಇಲ್ಲವೇ ಇಲ್ಲ. ಆದರೂ ಅಟೆನೊಲಾಲ್ ಮತ್ತು ಲೋಸಾರ್ಟನ್ ಕೊಟ್ಟಿದ್ದಾರೆ. ಬೀಗರು ಬಂದವರು ಡಬ್ಬಿ ನೋಡಿ, ‘ಇಷ್ಟು ಸಣ್ಣ ಹುಡುಗನಿಗೆ ಬೀಪಿ ಗುಳಿಗೆ ಯಾಕ್ರೀ, ಚಟ ಆಗುತ್ತದೆ, ಬಿಡಿಸ್ರಿ’ ಅಂತಾರೆ. ಆ ಗುಳಿಗೆ ರಕ್ತನಾಳದ ಗೋಡೆಗೆ ಬೀಳುವ ಹೊಡೆತ ಕಡಿಮೆ ಮಾಡುತ್ತದೆ ಅಂತ ಹೇಳಿ ಹೇಳಿ ಸಾಕಾಗಿದೆ. ಬಸಣ್ಣಾರ ಹಾಗೆ ‘ಎಲ್ಲ ಬಿಡ್ರಿ’ ಅನ್ನುವವರು ನನ್ನ ಮಗನಂಥವರೂ ಇದ್ದಾರೆ ಅಂತ ನೆನಪಿಡಬೇಕು.

ಶಿಗ್ಗಾವಿ ಶಿವು
ಅಕ್ಕಾರ, ಲೋಸಾರ್ಟನ್ ಮಾರ್ಫನ್ ಅನ್ನು ಪೂರ್ತಿ ಗುಣ ಮಾಡುತ್ತದೆ ಅಂತ ಎಲ್ಲೋ ಓದಿದ್ದೆ. ಹೌದಾ?

ವಿದ್ಯಾನಗರ ವೈದ್ಯೆ
ಗುಣ ಮಾಡುವುದಿಲ್ಲ. ಆ ಆಸೆ ಎಲ್ಲಿಂದ ಬಂತು ಅಂದರೆ, 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಹಾಲ್ ಡೀಟ್ಸ್ ತಂಡ ಮಾರ್ಫನ್ ಇರುವ ಇಲಿಗಳಿಗೆ ಲೋಸಾರ್ಟನ್ ಕೊಟ್ಟು ರಕ್ತನಾಳ ಅಗಲವಾಗುವುದನ್ನು ತಡೆದಿತ್ತು. ಎಲ್ಲರಿಗೂ ಬಹಳ ಉತ್ಸಾಹ ಬಂತು. ಆಮೇಲೆ 608 ಮಕ್ಕಳು ಮತ್ತು ಯುವಕರ ಮೇಲೆ ಅಟೆನೊಲಾಲ್, ಲೋಸಾರ್ಟನ್ ಎರಡನ್ನೂ ಹೋಲಿಸಿ ನೋಡಿದರು. 2014ರಲ್ಲಿ ಫಲಿತಾಂಶ ಬಂತು, ಮೂರು ವರ್ಷದಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಲೋಸಾರ್ಟನ್ ಗುಂಪಿನ ಔಷಧಿಗಳು ಅಗಲವಾಗುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ ಅಂತ ತಿಳಿಯಿತು. ಅಂದರೆ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಎಕೋ ತಪ್ಪಿಸಬಾರದು. ತುಂಬ ಅಗಲವಾದರೆ ಶಸ್ತ್ರಚಿಕಿತ್ಸೆಯೇ ಬೇಕು.

ರಾಣೆಬೆನ್ನೂರು ತಾಯಿ
ಎಕೋ ತಪ್ಪಿಸುವುದಿಲ್ಲ ಮೇಡಂ. ಇನ್ನೊಂದು ಮಾತು, ಇಂಥ ಮಕ್ಕಳಿರುವ ತಂದೆತಾಯಿಗೆ. ಕೆಮ್ಮು, ಮೂತ್ರದ ಸೋಂಕು ಅಂತ ಹೋದಾಗ ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಬರೆದರೆ ಮಾರ್ಫನ್ ಇದೆ ಅಂತ ಮೊದಲೇ ಹೇಳಿ. ದೊಡ್ಡ ರಕ್ತನಾಳಕ್ಕೆ ಅಪಾಯ ಅಂತ ಅಮೆರಿಕದ ಔಷಧಿ ಇಲಾಖೆ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ.

ನರಗುಂದ ಅಕ್ಕ
ನನ್ನದು ಸ್ಕ್ಲೀರೋಡರ್ಮಾ. ಚಳಿಗಾಲದಲ್ಲಿ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಿತ್ತು. ತಣ್ಣೀರಲ್ಲಿ ಪಾತ್ರೆ ತೊಳೆದರೆ ಜೀವ ಹೋದ ಹಾಗೆ. ಮೊದಲಿನ ಡಾಕ್ಟರು ಎದೆ ಡವಡವ ಅನ್ನುತ್ತದೆ ಅಂತ ಪ್ರೊಪ್ರನೊಲಾಲ್ ಕೊಟ್ಟಿದ್ದರು. ಬೆರಳ ತ್ರಾಸ ಇನ್ನೂ ಜಾಸ್ತಿಯಾಯಿತು, ತುದಿಯಲ್ಲಿ ಹುಣ್ಣಾಯಿತು. ಅದು ಬೀಟಾ ಬ್ಲಾಕರ್ ಎಂಬ ಗುಂಪಿನ ಗುಳಿಗೆ, ಆ ಗುಂಪಿನವು ಬೆರಳಿನ ರಕ್ತ ಓಡಾಟ ಕಡಿಮೆ ಮಾಡಬಹುದು ಅಂತ ಆಮೇಲೆ ತಿಳಿಯಿತು. ಅದನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿ ನಿಫೆಡಿಪಿನ್ ಕೊಟ್ಟರು. ಅದೂ ಬೀಪಿ ಗುಳಿಗೆಯೇ! ಈಗ ಬೆರಳು ಬೆಚ್ಚಗಿವೆ.

ಅದೇ ನಿಫೆಡಿಪಿನ್ ಇನ್ನೊಬ್ಬರಿಗೆ ಚರ್ಮದ ಲೂಪಸ್ ತರಬಹುದು ಅಂತ ಮೇಲೆ ಓದಿದೆ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡುವವರು ಇದನ್ನು ಓದಬೇಕು. ನಮ್ಮ ಓಣಿಯಲ್ಲಿ ಬೀಪಿ ಗುಳಿಗೆ ಸಕ್ಕರೆ ಕಡ ಕೊಟ್ಟ ಹಾಗೆ ಕೊಡುತ್ತಾರೆ.

ಸ್ಕ್ಲೀರೋಡರ್ಮಾ ಇರುವವರು ಮನೆಯಲ್ಲೇ ಬೀಪಿ ನೋಡಿಕೊಳ್ಳಿ. ಏಕಾಏಕಿ ಏರಿ, ತಲೆನೋವು, ಕಣ್ಣು ಮಂಜಾದರೆ ಮೂತ್ರಪಿಂಡಕ್ಕೆ ಹೊಡೆತ ಬಿದ್ದಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ ಅಂತ ನನ್ನ ಡಾಕ್ಟರು ಬರೆದುಕೊಟ್ಟಿದ್ದಾರೆ. ಸ್ಟೆರಾಯ್ಡ್ ಜಾಸ್ತಿ ತಗೊಂಡರೆ ಆ ಅಪಾಯ ಹೆಚ್ಚು.

ವಿದ್ಯಾನಗರ ವೈದ್ಯೆ
ಅಕ್ಕಾರ ಹೇಳಿದ್ದು ನೂರಕ್ಕೆ ನೂರು ನಿಜ. ಆ ಮೂತ್ರಪಿಂಡದ ಆಪತ್ತಿನಲ್ಲಿ ಮೊದಲು ಬಹಳ ಮಂದಿ ವರ್ಷದೊಳಗೇ ತೀರಿಹೋಗುತ್ತಿದ್ದರು. ಕ್ಯಾಪ್ಟೊಪ್ರಿಲ್ ಎಂಬ ಬೀಪಿ ಗುಳಿಗೆ ಬಂದ ಮೇಲೆ ಚಿತ್ರವೇ ಬದಲಾಯಿತು. ಈಗಲೂ ಆ ಗುಂಪಿನ ಗುಳಿಗೆಯೇ ಮೊದಲ ಆಯ್ಕೆ. ಆದರೆ ಆಪತ್ತು ಬರಬಾರದು ಅಂತ ಮುಂಚೆಯೇ ತಗೊಂಡರೆ ಲಾಭ ಇಲ್ಲ.

ಗದಗ ಮಾಸ್ತರ್
ಕ್ಯಾಪ್ಟೊಪ್ರಿಲ್ ಹಿಂದೆ ಹಾವಿನ ವಿಷ ಇದೆ. ಬ್ರೆಜಿಲ್‌ನ ಜರಾರಾಕಾ ಎಂಬ ಮಂಡಲ ಜಾತಿಯ ಹಾವು ಕಚ್ಚಿದರೆ ಬೀಪಿ ಕುಸಿಯುತ್ತದೆ. ಆ ವಿಷದಲ್ಲಿದ್ದ ಅಂಶವನ್ನು ಅಭ್ಯಾಸ ಮಾಡಿ ಈ ಗುಳಿಗೆ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ವಿಜ್ಞಾನದ ಮಾಸ್ತರಿಕೆ ಮಾಡಿದವನಿಗೆ ಹೇಳದೆ ಇರಲು ಆಗಲಿಲ್ಲ.

ಬ್ಯಾಡಗಿ ಬಸಣ್ಣ
ಎಲ್ಲರೂ ನನ್ನ ಮೇಲೆ ಬಿದ್ದಿದ್ದೀರಿ. ಆದರೆ ಗುಳಿಗೆಯಿಂದ ಲೂಪಸ್ ಬರುತ್ತದೆ ಅಂತ ಡಾಕ್ಟರೇ ಬರೆದಿದ್ದಾರಲ್ಲ! ಜನರಿಗೆ ಗುಳಿಗೆ ಬರೆಯುವಾಗ ಇದನ್ನು ಯಾಕೆ ಹೇಳುವುದಿಲ್ಲ?

ಉಣಕಲ್ ನಿವಾಸಿ
ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಬಿಸಿಲಿನಲ್ಲಿ ಕಲೆ ಎದ್ದರೆ ಬಂದು ತೋರಿಸಿ ಅಂತ ಒಂದು ಮಾತು ಹೇಳಿದ್ದರೆ ಈ ಮನೆಯವರು ಇಷ್ಟು ಒದ್ದಾಡುತ್ತಿರಲಿಲ್ಲ. ಆದರೆ ಹೇಳಲಿಲ್ಲ ಅಂತ ಔಷಧಿಯನ್ನೇ ಬಿಡುವುದು ಯಾವ ನ್ಯಾಯ?

ವಿದ್ಯಾನಗರ ವೈದ್ಯೆ
ಬಸಣ್ಣಾರ, ಹೇಳಬೇಕು. ಅದು ನಮ್ಮ ಕೆಲಸ. ಒಪಿಡಿಯಲ್ಲಿ ಸಾಲು ಉದ್ದ ಇರುತ್ತದೆ ಅನ್ನುವುದು ನೆಪ ಆಗಬಾರದು. ಆದರೆ ಥಯಜೈಡ್ ತಗೊಳ್ಳುವ ಬಹುತೇಕ ಜನರಿಗೆ ಹೀಗೆ ಆಗುವುದಿಲ್ಲ. ಲಕ್ವಾ, ಹೃದಯಾಘಾತ ತಡೆಯುವಲ್ಲಿ ಅದು ಬಹಳ ಹಳೆಯ, ಗಟ್ಟಿ ಪುರಾವೆ ಇರುವ ಔಷಧಿ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ಕೆಲವೊಮ್ಮೆ ಲೂಪಸ್ ಮೊದಲೇ ಇದ್ದು, ಅದು ಮೂತ್ರಪಿಂಡ ಕೆಡಿಸಿ, ಅದರಿಂದ ಬೀಪಿ ಬಂದಿರುತ್ತದೆ. ನಾವು ಬೀಪಿ ಗುಳಿಗೆ ಕೊಡುತ್ತೇವೆ. ಆಮೇಲೆ ಲೂಪಸ್ ಗೊತ್ತಾದಾಗ ಗುಳಿಗೆಯ ಮೇಲೆ ಆರೋಪ ಬೀಳುತ್ತದೆ. ಅದರಲ್ಲೂ ಸಣ್ಣ ವಯಸ್ಸಿನ ಹೆಣ್ಣುಮಕ್ಕಳಿಗೆ ಬೀಪಿ ಬಂದರೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ನೋಡಲೇಬೇಕು. ಮಾಳಮಡ್ಡಿ ಅಕ್ಕಾರ, ನಿಮ್ಮ ತಾಯಿಗೂ ಮೂತ್ರ ಪರೀಕ್ಷೆ ಮಾಡಿಸಿ.

ಏಎನ್ಎ ಒಂದನ್ನೇ ಹಿಡಿದು ಹೆದರಬೇಡಿ. ಆರೋಗ್ಯವಾಗಿರುವವರಲ್ಲೂ ಅದು ಪಾಸಿಟಿವ್ ಬರುತ್ತದೆ. 1:40ರ ಕಡಿಮೆ ಮಟ್ಟದಲ್ಲಿ ನೋಡಿದರೆ ಮೂರ್ನಾಲ್ಕು ಜನರಲ್ಲಿ ಒಬ್ಬರಿಗೆ ಇರಬಹುದು. ನಿಮ್ಮ ತಾಯಿಯದು ಅದಕ್ಕಿಂತ ಬಹಳ ಮೇಲೆ, 1:320, ಜೊತೆಗೆ ಕಲೆ ಇದೆ, ನೋವಿದೆ. ಅದಕ್ಕೇ ಮುಂದಿನ ಪರೀಕ್ಷೆ ಬೇಕು.

ಔಷಧಿ ಅಂಗಡಿ, ಹಳೇಹುಬ್ಬಳ್ಳಿ
ಅಕ್ಕಾರ, ಕೀಲು ನೋವಿಗೆ ಅವ್ವ ಏನು ತಗೊಳ್ಳುತ್ತಿದ್ದಾರೆ? ಅದನ್ನು ನೀವು ಬರೆದಿಲ್ಲ. ಚೀಟಿ ಇಲ್ಲದೆ ಡೈಕ್ಲೊಫೆನಾಕ್ ಕೇಳಿ ಬರುವವರು ದಿನಾ ಬರುತ್ತಾರೆ.

ಮಾಳಮಡ್ಡಿ ಮಗಳು
ಹೌದು ಅಣ್ಣಾರ, ನೋವು ಜಾಸ್ತಿ ಆದಾಗ ಡೈಕ್ಲೊಫೆನಾಕ್ ತಗೊಳ್ಳುತ್ತಾಳೆ. ಸಂತೆಯಿಂದ ಯಾರೋ ತಂದುಕೊಟ್ಟ ಪುಡಿಯೂ ಇದೆ. ಅದನ್ನು ತಿಂದರೆ ನೋವು ಥಟ್ಟನೆ ಹೋಗುತ್ತದೆ ಅಂತಾಳೆ.

ಔಷಧಿ ಅಂಗಡಿ, ಹಳೇಹುಬ್ಬಳ್ಳಿ
ಆ ಪುಡಿ ಇವತ್ತೇ ಡಾಕ್ಟರಿಗೆ ತೋರಿಸಿ. ಹೆಸರು, ವಿಳಾಸ, ಒಳಗೇನಿದೆ ಅಂತ ಬರೆಯದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಸಿಕ್ಕಿದೆ. ನೋವು ಥಟ್ಟನೆ ಹೋದರೆ ಸಂಶಯ ಪಡಬೇಕು. ಸ್ಟೆರಾಯ್ಡ್ ಬೀಪಿ ಏರಿಸುತ್ತದೆ, ಮುಖ ಊದಿಸುತ್ತದೆ, ಲೂಪಸ್‌ನ ಕುರುಹುಗಳನ್ನೂ ಮುಚ್ಚಿಡುತ್ತದೆ. ಆದರೆ ಬಹಳ ದಿನ ತಿಂದಿದ್ದರೆ ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ಡೈಕ್ಲೊಫೆನಾಕ್ ಕೂಡ ಬೀಪಿ ಏರಿಸುತ್ತದೆ. ಟೆಲ್ಮಿಸಾರ್ಟನ್, ಮೂತ್ರದ ಔಷಧಿ, ನೋವಿನ ಗುಳಿಗೆ ಈ ಮೂರೂ ಒಟ್ಟಿಗೆ ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ. ಅದರಲ್ಲೂ ಹೊಲದಲ್ಲಿ ಬೆವರು ಸುರಿಸಿ ನೀರು ಕಡಿಮೆ ಕುಡಿದ ದಿನ. ನೋವು ತಡೆಯಲು ಆಗದಿದ್ದರೆ ಪ್ಯಾರಾಸಿಟಮಾಲ್ ಎಷ್ಟು ತಗೊಳ್ಳಬಹುದು ಅಂತ ಡಾಕ್ಟರನ್ನು ಕೇಳಿ. ನನ್ನ ಅಂಗಡಿಯ ವ್ಯಾಪಾರ ಕಡಿಮೆ ಆದರೂ ಚಿಂತೆ ಇಲ್ಲ, ಇದನ್ನು ಎಲ್ಲರಿಗೂ ಹೇಳುತ್ತೇನೆ.

ಕುಂದಗೋಳ ಹುಡುಗಿ
ಮೇಡಂ, ಒಂದು ಪ್ರಶ್ನೆ. ನನಗೆ 27. ಲೂಪಸ್ ಇದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ ಅಂತ ಎನಾಲಾಪ್ರಿಲ್ ಕೊಟ್ಟಿದ್ದಾರೆ. ಮದುವೆ ನಿಶ್ಚಯವಾಗಿದೆ. ಮುಂದೆ ಮಗು ಬೇಕಾದಾಗ ಈ ಗುಳಿಗೆ ನಡೆಯುತ್ತದಾ? ಮನೆಯಲ್ಲಿ ಕೇಳಲು ಸಂಕೋಚ.

ವಿದ್ಯಾನಗರ ವೈದ್ಯೆ
ಕೇಳಿದ್ದು ಬಹಳ ಒಳ್ಳೆಯದಾಯಿತು. ಎನಾಲಾಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನವು ಗರ್ಭದಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಮಗು ಬೇಕು ಅಂತ ಯೋಚಿಸುವ ಮೊದಲೇ ನಿಮ್ಮ ಡಾಕ್ಟರಿಗೆ ಹೇಳಿ, ಯಾವಾಗ ಬದಲಿಸಬೇಕು ಅಂತ ಅವರು ಹೇಳುತ್ತಾರೆ. ಲಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಗರ್ಭಿಣಿಯರಿಗೆ ಬಳಸುವ ಗುಳಿಗೆಗಳು. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಳ್ಳುತ್ತಿದ್ದರೆ ಅದನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ, ಹೆದರಿ ಬಿಡಬೇಡಿ. ಲೂಪಸ್ ಆರು ತಿಂಗಳಾದರೂ ಶಾಂತವಾಗಿದ್ದ ಮೇಲೆ ಗರ್ಭ ಧರಿಸುವುದು ಒಳ್ಳೆಯದು. ಲೂಪಸ್ ಇರುವ ಎಷ್ಟೋ ಹೆಣ್ಣುಮಕ್ಕಳು ತಾಯಿಯಾಗಿದ್ದಾರೆ. ಹುಡುಗನ ಮನೆಯವರಿಗೂ ಧೈರ್ಯವಾಗಿ ಹೇಳಿ.

ನರಗುಂದ ಅಕ್ಕ
ತಂಗಿ, ಮುಚ್ಚಿಡಬೇಡ. ನಾನು ಹೇಳಿಯೇ ಮದುವೆ ಆದೆ. ನಮ್ಮ ವೈನಿಯೇ ಈಗ ನನ್ನ ಗುಳಿಗೆ ಸಮಯ ನೆನಪಿಸುತ್ತಾರೆ.

ಶಿಗ್ಗಾವಿ ಶಿವು
ನಮ್ಮ ಕಡೆ ರೂಮಟಾಲಜಿ ಡಾಕ್ಟರನ್ನು ಹುಡುಕುವುದೇ ಕಷ್ಟ. ಹುಬ್ಬಳ್ಳಿಗೆ ಬಸ್ಸು ಹಿಡಿದು ಹೋದರೆ ಒಂದು ದಿನದ ಕೂಲಿ ಹೋಯಿತು.

ಉಣಕಲ್ ನಿವಾಸಿ
ಮೊದಲು ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಚರ್ಮದ ವಿಭಾಗ, ಮೆಡಿಸಿನ್ ವಿಭಾಗಕ್ಕೆ ತೋರಿಸಬಹುದು. ಹೋಗುವಾಗ ಎಲ್ಲ ಗುಳಿಗೆಯ ಹಾಳೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಬಿಳಿ ಗುಳಿಗೆ, ಸಣ್ಣದು’ ಅಂತ ಹೇಳಿದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಕಲೆ ಎದ್ದ ದಿನದ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಮಾಳಮಡ್ಡಿ ಮಗಳು
ತೋರಿಸಿಕೊಂಡು ಬಂದೆವು. ಆಂಟಿ-ರೋ ಪಾಸಿಟಿವ್. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಮೂತ್ರಪಿಂಡದ ರಕ್ತ ಪರೀಕ್ಷೆ ಕ್ರಿಯಾಟಿನಿನ್ ಸರಿ ಇದೆ. ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಎಚ್ ಇರುವ ಗುಳಿಗೆ ನಿಲ್ಲಿಸಿ ಟೆಲ್ಮಿಸಾರ್ಟನ್ ಜೊತೆ ಆಮ್ಲೋಡಿಪಿನ್ ಕೊಟ್ಟಿದ್ದಾರೆ. ಪುಡಿಯನ್ನು ಡಾಕ್ಟರೇ ಇಟ್ಟುಕೊಂಡರು, ಅವ್ವ ಅಪರೂಪಕ್ಕೆ ತಿಂದಿದ್ದರಿಂದ ನಿಲ್ಲಿಸಬಹುದು ಅಂದರು. ಹೊಲಕ್ಕೆ ಹೋದರೆ ತುಂಬು ತೋಳಿನ ಅಂಗಿ, ತಲೆ ಮೇಲೆ ಸೆರಗು, ನಡು ಮಧ್ಯಾಹ್ನ ಬೇಡ ಅಂತ ಹೇಳಿದ್ದಾರೆ. ಕಲೆ ಇಳಿಯಲು ವಾರಗಟ್ಟಲೆ ಬೇಕಂತೆ. ಇಳಿಯದಿದ್ದರೆ ಇದು ಗುಳಿಗೆಯಿಂದ ಬಂದದ್ದಲ್ಲ ಅಂತ ಬೇರೆ ಚಿಕಿತ್ಸೆ ಶುರು ಮಾಡುತ್ತಾರೆ.

ಅಣ್ಣನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಈಗ ಅವನೇ ದಿನಾ ಬೀಪಿ ನೋಡಿ ಬರೆದಿಡುತ್ತಿದ್ದಾನೆ.

ಬ್ಯಾಡಗಿ ಬಸಣ್ಣ
ತಾಯಿ ಆರಾಮ ಆಗಲಿ. ಉಪ್ಪಿನ ಮಾತು ಮಾತ್ರ ನಾನು ಬಿಡುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ.

ವಿದ್ಯಾನಗರ ವೈದ್ಯೆ
ಉಪ್ಪಿನ ವಿಷಯದಲ್ಲಿ ಬಸಣ್ಣಾರ ಮಾತೇ ನನ್ನ ಮಾತು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ.

ಶಿಗ್ಗಾವಿ ಶಿವು
ಆಮ್ಲೋಡಿಪಿನ್ ಅಂದ ಕೂಡಲೇ ನೆನಪಾಯಿತು. ಅಪ್ಪನಿಗೆ ಅದನ್ನು ಶುರು ಮಾಡಿದ ಮೇಲೆ ಸಂಜೆ ಹೊತ್ತಿಗೆ ಪಾದ ಬಾಯುತ್ತದೆ. ಇದೂ ಕೀಲಿನ ರೋಗವಾ?

ಔಷಧಿ ಅಂಗಡಿ, ಹಳೇಹುಬ್ಬಳ್ಳಿ
ಬಹಳ ಸಲ ಆ ಗುಳಿಗೆಯಿಂದಲೇ ಪಾದ, ಹಿಮ್ಮಡಿ ಗಂಟು ಬಾಯುತ್ತದೆ ಶಿವು. ಡೋಸ್ ಜಾಸ್ತಿ ಇದ್ದರೆ ಹೆಚ್ಚು. ಆದರೆ ಹೃದಯ, ಮೂತ್ರಪಿಂಡದ ತೊಂದರೆಯಿಂದಲೂ ಹಾಗಾಗಬಹುದು. ಬೆರಳಿಂದ ಒತ್ತಿದರೆ ಗುಣಿ ಬೀಳುತ್ತದಾ, ಉಸಿರು ಹತ್ತುತ್ತದಾ ನೋಡಿ, ಈ ವಾರವೇ ಡಾಕ್ಟರಿಗೆ ತೋರಿಸಿ. ಗುಳಿಗೆಯ ಹಾಳೆ ತಗೊಂಡು ಹೋಗಿ.